ಬಿಸಿಲಿಗೇ ರಂಗೇರುವ ಕ್ರೋಟನ್ ಬೆಳೆಸುವುದು ಹೇಗೆ?

ಪ್ರತಿ ಏಪ್ರಿಲ್‌ನಲ್ಲೂ ಇದೇ ಕಥೆ. ನರ್ಸರಿಯಿಂದ ಕೆಂಪು, ಹಳದಿ ಎಲೆಯ ಚೆಂದದ ಕ್ರೋಟನ್ ತರುತ್ತಾರೆ. ಅದೇ ದಿನ ದೊಡ್ಡ ಕುಂಡಕ್ಕೆ ಹಾಕಿ ತಾರಸಿಯ ಬಿಸಿಲಿಗೆ ಇಡುತ್ತಾರೆ. ವಾರದೊಳಗೆ ಎಲೆ ಉದುರುತ್ತದೆ, ನೀರು ಸಾಲಲಿಲ್ಲವೇನೋ ಅಂತ ಎರಡು ಹೊತ್ತೂ ಸುರಿಯುತ್ತಾರೆ, ಬೇರು ಕೊಳೆತು ಗಿಡ ಸಾಯುತ್ತದೆ. ಆಮೇಲೆ ನಮ್ಮೂರ ಬಿಸಿಲಿಗೆ ಇದು ಆಗಲ್ಲ ಎನ್ನುತ್ತಾರೆ. ಖಂಡಿತ ಆಗುತ್ತದೆ. ಇದು ಇಂಡೊನೇಷ್ಯಾ, ಮಲೇಷ್ಯಾ ಕಡೆಯ ಗಿಡ, ಸೆಕೆ ಇದಕ್ಕೆ ಹೊಸದಲ್ಲ. ಬೆಳಕು ಕಡಿಮೆಯಾದರೇ ಬಣ್ಣ ಹೋಗಿ ಬರೀ ಹಸಿರಾಗುತ್ತದೆ.

ಹಂತ 1: ಮೊಣಕೈಯುದ್ದದ ಗಿಡ ಸಾಕು. ಎಲೆ ಮಗುಚಿ ನೋಡಿ, ಬಿಳಿ ಹಿಟ್ಟು ತಿಗಣೆ ಇದ್ದರೆ ಬಿಟ್ಟುಬನ್ನಿ.

ಹಂತ 2: ಎಲ್ಲರೂ ಎಡವುವುದು ಇಲ್ಲೇ. ನರ್ಸರಿಯಲ್ಲಿ ಗಿಡ ಹಸಿರು ನೆರಳು ಬಲೆಯ ಕೆಳಗೆ ಬೆಳೆದಿರುತ್ತದೆ, ಅಲ್ವಾ? ಅದರ ಎಲೆಗೆ ನೇರ ಬಿಸಿಲು ಗೊತ್ತೇ ಇಲ್ಲ. ಹಾಗಾಗಿ ಮೊದಲ ವಾರ ಬೇರಿನ ಸುತ್ತಲಿನ ನರ್ಸರಿ ಕವರ್ ಬಿಚ್ಚದೆ, ಬೆಳಕು ಚೆನ್ನಾಗಿದ್ದು ಬಿಸಿಲು ಬೀಳದ ಜಾಗದಲ್ಲಿ ಇಡಿ. ಎರಡನೇ ವಾರ ಬೆಳಿಗ್ಗೆ 9 ಗಂಟೆವರೆಗಿನ ಬಿಸಿಲು, ಮೂರನೇ ವಾರ 11ರವರೆಗೆ. ಮೈಸೂರು, ಬೆಂಗಳೂರಿನಲ್ಲಾದರೆ ಆಮೇಲೆ ಪೂರ್ತಿ ಬಿಸಿಲಿಗೆ ಬಿಡಬಹುದು. ಬಳ್ಳಾರಿ, ರಾಯಚೂರಿನಂಥ 40 ಡಿಗ್ರಿ ದಾಟುವ ಊರಲ್ಲಿ ಮಧ್ಯಾಹ್ನ 12ರಿಂದ 4ರವರೆಗೆ ಮೇಲೊಂದು ಹಳೆಯ ಕಾಟನ್ ಸೀರೆ ಕಟ್ಟಿ, ಅದೇ ಸಾಕು.

ಈ ದಿನಗಳಲ್ಲಿ ಕೆಳಗಿನ ಎಲೆ ಉದುರಬಹುದು. ಜಾಗ ಬದಲಾದರೆ ಕ್ರೋಟನ್ ಹಾಗೆ ಮಾಡುತ್ತದೆ. ಗಾಬರಿಯಾಗಿ ನೀರು, ಗೊಬ್ಬರ ಹಾಕಬೇಡಿ, ದಿನಕ್ಕೊಂದು ಕಡೆ ಎತ್ತಿಡಲೂ ಬೇಡಿ. ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಗಿಡಕ್ಕೆ ಜೀವ ಇದೆ, ಸುಮ್ನೆ ಕಾಯಿರಿ.

ಹಂತ 3: ತುದಿಯಲ್ಲಿ ಹೊಸ ಚಿಗುರು ಕಂಡ ಮೇಲೆ, ಸಂಜೆ ಹೊತ್ತು ಕುಂಡಕ್ಕೆ ಹಾಕಿ. ಎಷ್ಟೋ ಗಿಡಗಳ ಬೇರಿನ ಸುತ್ತ ಅಂಟು ಮಣ್ಣಿನ ಉಂಡೆ ಇರುತ್ತದೆ. ಒಣಗಿದರೆ ಅದು ಇಟ್ಟಿಗೆಯಂತಾಗಿ, ಹಾಕಿದ ನೀರು ಪಕ್ಕದಿಂದ ಜಾರಿ ಹೋಗುತ್ತದೆ, ಬೇರಿಗೆ ಮುಟ್ಟುವುದೇ ಇಲ್ಲ. ಆ ಉಂಡೆಯನ್ನು ಅರ್ಧ ಗಂಟೆ ಬಕೆಟ್ ನೀರಲ್ಲಿ ನೆನೆಸಿ ಹೊರಗಿನ ಮಣ್ಣನ್ನಷ್ಟೇ ಬೆರಳಿನಿಂದ ಬಿಡಿಸಿ. ಬೇರನ್ನು ಪೂರ್ತಿ ತೊಳೆಯಬೇಡಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಾಕು. ಮಣ್ಣಿನ ಕುಂಡವೇ ತನ್ನಿ, ಕಪ್ಪು ಪ್ಲಾಸ್ಟಿಕ್ ಕುಂಡ ತಾರಸಿಯಲ್ಲಿ ಕಾದು ಬೇರನ್ನು ಬೇಯಿಸುತ್ತದೆ. ಕೆಳಗೆ ಎರಡು ಇಟ್ಟಿಗೆ ಇಡಿ. ಗಿಡ ಮುರಿದ ಕಡೆ ಬರುವ ಹಾಲು ಬಟ್ಟೆಗೆ ಕಲೆ ಮಾಡುತ್ತದೆ, ಕೆಲವರಿಗೆ ಚರ್ಮ ಉರಿಯುತ್ತದೆ. ಕೈಗವಸು ಹಾಕಿಕೊಳ್ಳಿ, ಮಕ್ಕಳು ಎಲೆ ಬಾಯಿಗೆ ಹಾಕದಂತೆ ನೋಡಿಕೊಳ್ಳಿ.

ಹಂತ 4: ಮಣ್ಣಿಗೆ ಬೆರಳು ಇಳಿಸಿ, ಎರಡು ಗೆಣ್ಣಿನವರೆಗೆ ಒಣಗಿದ್ದರೆ ಮಾತ್ರ ಬೆಳಿಗ್ಗೆ ನೀರು ಹಾಕಿ. ಮೇಲೆ ಒಣ ಎಲೆ ಹಾಸಿ.

ಎಲೆಗೆ ಹೊಳಪು ಕೊಡುವ ಸ್ಪ್ರೇ ಅಂತ ಮಾರುತ್ತಾರಲ್ಲ, ಅದನ್ನು ಕೊಳ್ಳಲೇಬೇಡಿ, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಯೂರಿಯಾ ಕೂಡ ಬೇಡ. ತಿಂಗಳಿಗೆ ಎರಡು ಹಿಡಿ ಎರೆಹುಳು ಗೊಬ್ಬರ ಕೊಡಿ.

ಜೊತೆಗೆ ಏನು ಹಾಕುವುದು? ಪಾರ್ಕ್‌ಗಳಲ್ಲಿ ಅಕ್ಷರ ಬರೆಯಲು ನೆಡುವ ಪುಟ್ಟ ಕೆಂಪೆಲೆಯ ಆಲ್ಟರ್‌ನಾಂಥೆರಾ ಒಳ್ಳೆಯದು. ಪರ್ಪಲ್ ಹಾರ್ಟ್ ಬಿಸಿಲಿದ್ದಷ್ಟೂ ಕಡು ನೇರಳೆ ಆಗುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟ ಕೆಂಪು ದಂಟು. ಕಣ್ಣಿಗೂ ಆಯಿತು, ಸಾರಿಗೂ ಆಯಿತು. ಬಣ್ಣಬಣ್ಣದ ಎಲೆಯ ಕೋಲಿಯಸ್ ಮಾತ್ರ ಮಧ್ಯಾಹ್ನದ ಬಿಸಿಲಿಗೆ ಬಿಳಿಚಿಕೊಳ್ಳುತ್ತದೆ, ಅದನ್ನು ಕ್ರೋಟನ್ ನೆರಳಲ್ಲೇ ಇಡಿ, ಹೂವಿನ ತೆನೆ ಬಂದ ಕೂಡಲೇ ಚಿವುಟಿ.

ಹಂತ 5: ಇನ್ನೊಂದು ಗಿಡ ಬೇಕಾದರೆ, ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕ್ರೋಟನ್‌ನ ಗೇಣುದ್ದದ ತುದಿ ಕತ್ತರಿಸಿ, ಹಾಲು ನಿಲ್ಲುವವರೆಗೆ ನೀರಲ್ಲಿ ಅದ್ದಿ, ಕೆಳಗಿನ ಎಲೆ ತೆಗೆದು ಒದ್ದೆ ಮರಳಿಗೆ ಚುಚ್ಚಿ ನೆರಳಲ್ಲಿಡಿ. ಬೇರು ಬಿಟ್ಟಿದೆಯಾ ಅಂತ ಎಳೆದು ನೋಡಬೇಡಿ.