ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ: ಇಲ್ಲಿನವರ ಮಾತಿನಲ್ಲಿ ಮೌನ

ನಾನು ಇಲ್ಲಿಗೆ ಬಂದ ಮೊದಲ ವರ್ಷ, ಮಧ್ಯಾಹ್ನದ ಊಟಕ್ಕೆ ಕುಳಿತಿದ್ದಾಗ ಸಹೋದ್ಯೋಗಿಯೊಬ್ಬರು ‘ಪಾಪ, ಅವನನ್ನು ಎಲ್ಲರೂ ಸೇರಿ ಕೋವೆಂಟ್ರಿಗೆ ಕಳುಹಿಸಿದ್ದಾರೆ’ ಎಂದರು. ವರ್ಗಾವಣೆಯಾಗಿರಬೇಕೆಂದು ತಿಳಿದ ನಾನು ಅಲ್ಲಿ ಮನೆ ಬಾಡಿಗೆ ಎಷ್ಟೆಂದು ವಿಚಾರಿಸಿದೆ. ‘ಸೆಂಡ್ ಟು ಕೋವೆಂಟ್ರಿ’ ಎಂದರೆ ಒಬ್ಬನೊಡನೆ ಉಳಿದವರೆಲ್ಲ ಮಾತು ಬಿಡುವುದು ಎಂಬುದು ಗೊತ್ತಾದದ್ದು ಎಲ್ಲರೂ ನಕ್ಕ ಮೇಲೆ. 1640ರ ದಶಕದ ಅಂತರ್ಯುದ್ಧದಲ್ಲಿ ಆ ಊರು ಪಾರ್ಲಿಮೆಂಟಿನ ಪಕ್ಷದಲ್ಲಿತ್ತು. ಬರ್ಮಿಂಗ್‌ಹ್ಯಾಮಿನಲ್ಲಿ ಸೆರೆ ಸಿಕ್ಕ ದೊರೆಯ ಕಡೆಯವರನ್ನು ಅಲ್ಲಿಗೆ ಕಳುಹಿಸಿದ್ದನ್ನು ಆ ಕಾಲದ ಇತಿಹಾಸಕಾರ ಕ್ಲಾರೆಂಡನ್ ಬರೆದಿದ್ದಾನೆ. ಊರಿನವರು ಆ ಸೆರೆಯಾಳುಗಳನ್ನು ಮಾತನಾಡಿಸುತ್ತಲೇ ಇರಲಿಲ್ಲವೆಂಬುದು ಜನ ಹೇಳಿಕೊಂಡು ಬಂದ ಕಥೆ.

‘ಮಮ್ಸ್ ದ ವರ್ಡ್’ ಎಂದು ಯಾರಾದರೂ ಹೇಳಿದರೆ ಅವರ ತಾಯಿಯ ಸುದ್ದಿಯೆಂದು ಭಾವಿಸಬೇಡಿ. ‘ಮ್’ ಎನ್ನಬೇಕಾದರೆ ತುಟಿ ಮುಚ್ಚಲೇಬೇಕಷ್ಟೆ, ಆ ಸದ್ದೇ ಪದವಾಗಿದೆ. ವಿಷಯ ನಮ್ಮಲ್ಲೇ ಇರಲಿ, ತುಟಿ ಪಿಟಕ್ಕೆನ್ನಬೇಡಿ ಎಂಬುದು ಅದರ ಅರ್ಥ. ಷೇಕ್ಸ್‌ಪಿಯರನ ಆರನೆಯ ಹೆನ್ರಿ ನಾಟಕದ ಎರಡನೆಯ ಭಾಗದಲ್ಲಿಯೂ ‘ಮಮ್’ ಇದೇ ಅರ್ಥದಲ್ಲಿ ಬರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಗುಟ್ಟು ಹೊರಬೀಳಬಾರದೆಂದು ಸರ್ಕಾರ ಅಂಟಿಸಿದ ‘ಬಿ ಲೈಕ್ ಡ್ಯಾಡ್, ಕೀಪ್ ಮಮ್’ ಎಂಬ ಭಿತ್ತಿಪತ್ರದಲ್ಲಿ ಮಾತ್ರ ಶ್ಲೇಷೆಯಿತ್ತು: ಅಪ್ಪನಂತೆ ಬಾಯಿ ಮುಚ್ಚಿಕೊಂಡಿರಿ ಎಂದೂ, ಅಪ್ಪನಂತೆ ಅಮ್ಮನನ್ನು ಸಾಕಿರಿ ಎಂದೂ ಓದಬಹುದಿತ್ತು. ಸಂಸತ್ ಸದಸ್ಯೆ ಎಡಿತ್ ಸಮರ್‌ಸ್ಕಿಲ್ ಇದನ್ನು ಆಕ್ಷೇಪಿಸಿದ್ದರು. ನನಗೂ ಅವರ ಮಾತೇ ಸರಿಯೆನಿಸುತ್ತದೆ.

ಅಮ್ಮನ ಹಿಂದೆ ಅವಿತುಕೊಂಡ ನಿಮ್ಮ ಮಗುವನ್ನು ನೆರೆಯ ಅಜ್ಜಿ ‘ಕ್ಯಾಟ್ ಗಾಟ್ ಯುವರ್ ಟಂಗ್?’ ಎಂದು ಕೇಳಿದರೆ, ಅದು ನಮ್ಮಲ್ಲಿ ‘ಬಾಯಲ್ಲಿ ಕಡುಬು ಇಟ್ಟುಕೊಂಡಿದ್ದೀಯಾ?’ ಎಂದು ಕೇಳಿದ ಹಾಗೆ. ಹಿಂದೆ ಹಡಗುಗಳಲ್ಲಿ ಹೊಡೆಯಲು ಬಳಸುತ್ತಿದ್ದ, ‘ಕ್ಯಾಟ್’ ಎಂದೇ ಕರೆಯುತ್ತಿದ್ದ ಚಾಟಿಯಿಂದ ಈ ಮಾತು ಹುಟ್ಟಿತೆಂದು ಹೇಳುವವರಿದ್ದಾರೆ, ಆದರೆ ಅದಕ್ಕೆ ಪುರಾವೆಯಿಲ್ಲ. ದೊಡ್ಡವರಿಗೆ ಹೀಗೆನ್ನಬೇಡಿ, ಹಂಗಿಸಿದಂತಾಗುತ್ತದೆ.

ಇನ್ನು, ಮೇಷ್ಟ್ರು ಮೇಜಿಗೆ ಡಸ್ಟರ್ ಕುಟ್ಟಿ ಹೇಳುತ್ತಿದ್ದ ‘ಪಿನ್ ಡ್ರಾಪ್ ಸೈಲೆನ್ಸ್’ ಈ ದೇಶದ ಶಾಲೆಗಳಲ್ಲಿ ಅಪ್ಪಣೆಯಾಗಿ ಕೇಳಿಬರುವುದಿಲ್ಲ. ಸಭೆಯೊಂದು ಸ್ತಬ್ಧವಾದದ್ದನ್ನು ಆಮೇಲೆ ಬಣ್ಣಿಸುವಾಗ ಇವರು ‘ಯು ಕುಡ್ ಹ್ಯಾವ್ ಹರ್ಡ್ ಎ ಪಿನ್ ಡ್ರಾಪ್’ ಎನ್ನುತ್ತಾರೆ. ಪಿನ್ನು ಅದೇ, ಡಸ್ಟರ್ ಮಾತ್ರ ಇಲ್ಲ.