ಟ್ರೇಲರ್‌ಗೆ ಲೈಟು ಹಾಕುವಾಗ ಮೊದಲು ಅರ್ಥ್ ನೋಡಿ

ಮೆಣಸಿನಕಾಯಿ ಚೀಲ ಹೇರಿಕೊಂಡು ರಾತ್ರಿಯೇ ಬ್ಯಾಡಗಿ ದಾರಿ ಹಿಡಿಯುವ ಟ್ರ್ಯಾಕ್ಟರ್‌ಗಳು ಕಡಿಮೆಯೇನಲ್ಲ. ಹೆದ್ದಾರಿ 48ರಲ್ಲಿ ಹಿಂದೆ ಬರುವ ಲಾರಿಯವನಿಗೆ ಟ್ರ್ಯಾಕ್ಟರ್ ಲೈಟು ಕಾಣುವುದಿಲ್ಲ, ಲೋಡ್ ಮುಚ್ಚಿರುತ್ತದೆ. ರೇಡಿಯಂ ಸ್ಟಿಕ್ಕರ್ ಹೊಳೆಯುತ್ತದೆ, ನಿಜ. ಆದರೆ ನೀವು ಬ್ರೇಕ್ ಹಾಕಿದ್ದನ್ನು ಅದು ಹೇಳುತ್ತದೆಯೇ?

ಟ್ರೇಲರ್ ಎಳೆಯಲು ಟ್ರ್ಯಾಕ್ಟರ್‌ಗೆ ಹೊಸ ಹುಕ್ ಕೂರಿಸಿದ್ದರೆ ಅದರ ಪಕ್ಕದಲ್ಲೇ ಟ್ರೇಲರ್ ಕೇಬಲ್‌ನ ಪ್ಲಗ್ ಸಿಕ್ಕಿಸುವ 7 ಪಿನ್ ಸಾಕೆಟ್ ಹಾಕಿ. ಕೆಸರು ಸಿಡಿಯದಷ್ಟು ಮೇಲಿರಲಿ. ಟ್ರ್ಯಾಕ್ಟರ್ ಹಿಂದಿನ ಲೈಟಿನ ವೈರುಗಳನ್ನು ಟೆಸ್ಟ್ ಬಲ್ಬಿನಿಂದ ಒಂದೊಂದಾಗಿ ಗುರುತಿಸಿ, ಟೇಪ್ ಸುತ್ತಿ ಹೆಸರು ಬರೆಯಿರಿ. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿಯೇ ಜೋಡಣೆಗೆ ಕೈ ಹಾಕಿ.

ರೂಢಿಯ ಬಣ್ಣಗಳು ಹೀಗೆ: ಹಳದಿ ಎಡ ಇಂಡಿಕೇಟರ್, ಹಸಿರು ಬಲ ಇಂಡಿಕೇಟರ್, ಕೆಂಪು ಬ್ರೇಕ್, ಕಪ್ಪು ಎಡ ಟೇಲ್, ಕಂದು ಬಲ ಟೇಲ್, ಬಿಳಿ ಅರ್ಥ್, ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಉಳಿದ ನೀಲಿ ಹೆಚ್ಚುವರಿ ಲೈಟಿಗೆ. ಹಳೇ ಗಾಡಿಯಲ್ಲಿ ಯಾರೋ ಸಿಕ್ಕ ವೈರು ಸೇರಿಸಿರುತ್ತಾರೆ, ಹಾಗಾಗಿ ಬಣ್ಣಕ್ಕಿಂತ ಟೆಸ್ಟ್ ಬಲ್ಬನ್ನೇ ನಂಬಿ.

ಜಾಸ್ತಿ ಕಾಟ ಕೊಡುವುದು ಈ ಬಿಳಿ ವೈರು. ‘ಹುಕ್ಕು ಪಿನ್ನು ಎಲ್ಲಾ ಕಬ್ಬಿಣ ಅಲ್ವಾ, ಅರ್ಥ್ ಅದರಲ್ಲೇ ಆಗುತ್ತೆ’ ಎಂದು ಬಿಡುವವರಿದ್ದಾರೆ. ಪಿನ್ನಿಗೆ ಗ್ರೀಸು, ತುಕ್ಕು, ಧೂಳು ಮೆತ್ತಿರುತ್ತದೆ. ತಗ್ಗು ಹಾರಿದಾಗಲೆಲ್ಲ ಸಂಪರ್ಕ ಬಿಟ್ಟು ಹಿಡಿಯುತ್ತದೆ. ಆಗ ಕರೆಂಟು ವಾಪಸ್ ಹೋಗಲು ಬೇರೆ ಬಲ್ಬಿನ ತಂತಿಯೊಳಗೇ ದಾರಿ ಹುಡುಕುತ್ತದೆ. ಎಡ ಇಂಡಿಕೇಟರ್ ಹಾಕಿದರೆ ಟೇಲ್ ಲೈಟೂ ಮಿಣುಕುತ್ತದೆ, ಬ್ರೇಕ್ ಒತ್ತಿದರೆ ಎಲ್ಲವೂ ಮಂಕಾಗಿ ಉರಿಯುತ್ತವೆ. ಹೀಗಾದರೆ ಬಲ್ಬ್ ಬದಲಿಸುತ್ತಾ ಕೂರಬೇಡಿ. ಅರ್ಥ್‌ಗೆ 2.5 ಚದರ ಮಿ.ಮೀ. ವೈರನ್ನೇ ಎಳೆಯಿರಿ. ಚಾಸಿಯ ಬಣ್ಣವನ್ನು ಕಬ್ಬಿಣ ಹೊಳೆಯುವವರೆಗೆ ಕೆರೆದು, ವೈರಿನ ತುದಿಗೆ ಲಗ್ (ಬೋಲ್ಟಿಗೆ ಕೂರುವ ಲೋಹದ ಬಳೆ) ಒತ್ತಿ, ಬೋಲ್ಟ್ ಬಿಗಿ ಮಾಡಿ, ಮೇಲೆ ಗ್ರೀಸು ಸವರಿ. ಸುಮ್ನೆ ತಿರುಚಿ ಟೇಪ್ ಸುತ್ತಿದ ಜೋಡಣೆ ಒಂದು ಮಳೆಗಾಲವೂ ಬಾಳುವುದಿಲ್ಲ.

12 ವೋಲ್ಟಿನಲ್ಲಿ 21 ವ್ಯಾಟ್ ಬಲ್ಬ್ 1.75 ಆಂಪಿಯರ್ ಎಳೆಯುತ್ತದೆ. ಟ್ರೇಲರ್‌ನ ಎರಡು ಬ್ರೇಕ್ ಬಲ್ಬಿಗೇ 3.5 ಆಯಿತು, ಟ್ರ್ಯಾಕ್ಟರ್‌ನ ಫ್ಯೂಸಿಗೆ ಇದು ಹೆಚ್ಚುವರಿ ಹೊರೆ. ಫ್ಯೂಸ್ ಹಾರಿತೆಂದು ದೊಡ್ಡದು ಹಾಕಿದರೆ ಮುಂದೆ ಸುಡುವುದು ವೈರು. ದೊಡ್ಡ ಫ್ಯೂಸ್ ಹಾಕುವ ಬದಲು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಹಾಕಿಸಿ. ಇಂಡಿಕೇಟರ್ ತಾಳ ತಪ್ಪಿದರೆ ಅದನ್ನು ಮಿಣುಕಿಸುವ ಫ್ಲ್ಯಾಷರ್ ಹೆಚ್ಚಿದ ಬಲ್ಬುಗಳ ಲೋಡಿಗೆ ತಕ್ಕದ್ದು ಬೇಕು.

ಕೊನೆಗೆ ಒಬ್ಬರು ಸೀಟಿನಲ್ಲಿ, ಒಬ್ಬರು ಹಿಂದೆ ನಿಂತು ನೋಡಿ. ಮೊದಲು ಒಂದೊಂದೇ ಲೈಟು, ಆಮೇಲೆ ಎಲ್ಲಾ ಒಟ್ಟಿಗೆ. ಸ್ಟೇರಿಂಗ್ ಎರಡೂ ಕಡೆ ಪೂರ್ತಿ ಹೊರಳಿಸಿ ಗಾಡಿ ಸ್ವಲ್ಪ ಓಡಿಸಿ. ಕೇಬಲ್ ಬಿಗಿಯಲೂಬಾರದು, ನೆಲಕ್ಕೆ ಉಜ್ಜಲೂಬಾರದು. ಟ್ರೇಲರ್ ಬಿಚ್ಚಿದಾಗ ಪ್ಲಗ್ಗನ್ನು ಎರೆ ಮಣ್ಣಿನಲ್ಲಿ ಬಿಡದೆ ಮೇಲೆ ಸಿಕ್ಕಿಸಿಡಿ.