ಸ್ವರ ಎಲ್ಲಿ ನಿಲ್ಲಬೇಕು: ಸ್ಮೂತ್ ಜಾಝ್‌ನಿಂದ ಫಂಕ್‌ಗೆ ಮರಳಿದ ನನ್ನ ಅನುಭವ

ಸ್ಯಾಕ್ಸೋಫೋನ್ ನುಡಿಸುವವರಿಗೆ ಸ್ಮೂತ್ ಜಾಝ್, ಅಂದರೆ ಮೆತ್ತನೆಯ ರಾಗದ ಜಾಝ್, ಕೊಟ್ಟಷ್ಟು ಆದರ ಬೇರೆ ಯಾವ ಸಂಗೀತವೂ ಕೊಟ್ಟಿಲ್ಲ. ಹಾಡುಗಾರ ನಿಲ್ಲುವ ಜಾಗದಲ್ಲಿ ಅದು ನಮ್ಮನ್ನು ನಿಲ್ಲಿಸುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿ ನಾನು ಎರಡು ದಶಕಕ್ಕೂ ಹೆಚ್ಚು ಕಾಲ ಅದನ್ನೇ ನುಡಿಸಿ ಬದುಕಿದೆ. ಲಿವರ್‌ಮೋರ್, ನಾಪಾ ಕಡೆಯ ವೈನರಿಗಳು, ಹೋಟೆಲ್ ಲಾಬಿಗಳು, ಕಂಪನಿಗಳ ಪಾರ್ಟಿಗಳು, ನಮ್ಮ ಕನ್ನಡದವರ ಮದುವೆ ರಿಸೆಪ್ಷನ್‌ಗಳು. ಕೆಕೆಎಸ್ಎಫ್ ರೇಡಿಯೊದಲ್ಲಿ ಈ ಸಂಗೀತವೇ ಬರುತ್ತಿದ್ದ ಕಾಲದಲ್ಲಿ ನಮಗೆ ಕೈತುಂಬ ಕೆಲಸ. 2009ರಲ್ಲಿ ಆ ಸ್ಟೇಷನ್ ರಾಕ್‌ ಕಡೆಗೆ ಹೊರಳಿತು. ಆದರೂ ವೈನರಿಯವರು ನಮ್ಮ ಕೈ ಬಿಡಲಿಲ್ಲ.

ಬ್ಯಾಂಡು ಮಾತ್ರ ಬರಬರುತ್ತಾ ಕರಗಿತು. ಕರೆಸುವವರ ಬಜೆಟ್ ಇಳಿದ ಹಾಗೆ ಮೊದಲು ಗಿಟಾರ್ ಹೋಯಿತು, ಆಮೇಲೆ ಬೇಸ್, ಕೊನೆಗೆ ಡ್ರಮ್ಸ್. ಉಳಿದದ್ದು ನಾನು, ಒಂದು ಲ್ಯಾಪ್‌ಟಾಪ್, ಅದರೊಳಗಿನ ಬ್ಯಾಕಿಂಗ್ ಟ್ರ್ಯಾಕ್, ಅಂದರೆ ಮೊದಲೇ ಧ್ವನಿಮುದ್ರಿಸಿಟ್ಟ ಹಿಮ್ಮೇಳ. ಟ್ರ್ಯಾಕಿಗೆ ಕಿವಿ ಇಲ್ಲ. ನಾನೊಂದು ಕಡೆ ತಡೆದರೆ ಅದು ತಡೆಯುವುದಿಲ್ಲ, ನಾನು ಏರಿದರೆ ಅದು ಏರುವುದಿಲ್ಲ. ಮಧ್ಯಾಹ್ನವೆಲ್ಲ ನುಡಿಸಿ ಮನೆಗೆ ಬಂದಾಗ ಒಬ್ಬರ ಜೊತೆಗೂ ಮಾತಾಡದೆ ದಿನ ಕಳೆದ ಹಾಗಾಗುತ್ತಿತ್ತು. ಸ್ಯಾನ್ ಹೋಸೆಯಲ್ಲಿ ಓದುತ್ತಿದ್ದಾಗ ಸೇರಿಕೊಂಡಿದ್ದ ಫಂಕ್ ಬ್ಯಾಂಡಿನ ನೆನಪು ಆಗ ಬಲವಾಗಿ ಕಾಡತೊಡಗಿತು. ಫಂಕ್ ಅಂದರೆ ರಾಗಕ್ಕಿಂತ ಡ್ರಮ್ಸ್, ಬೇಸ್‌ಗಳ ಲಯವೇ ಮುಂದಾಗಿರುವ ಕುಣಿತದ ಸಂಗೀತ. ಆ ಬ್ಯಾಂಡಿನಲ್ಲಿ ನಾನು ಹಾರ್ನ್ ಸೆಕ್ಷನ್ನಿನಲ್ಲಿ, ಅಂದರೆ ಊದುವ ವಾದ್ಯಗಳ ಸಾಲಿನಲ್ಲಿ, ಮೂರನೆಯವನು. ಜನ ನೋಡುತ್ತಿದ್ದದ್ದು ಹಾಡುವವಳನ್ನು, ಕುಣಿಯುತ್ತಿದ್ದದ್ದು ಡ್ರಮ್ಮಿಗೆ. ಅಲ್ಲಿಗೇ ಹಿಂತಿರುಗಬೇಕು ಅಂತ ನಿರ್ಧರಿಸಿದೆ.

ಸ್ಮೂತ್ ಜಾಝ್ ಬಿಟ್ಟು ಫಂಕ್‌ಗೆ ಹೋಗುವುದು ಒಂದು ಮನೆ ಬಿಟ್ಟು ಇನ್ನೊಂದು ಮನೆಗೆ ಹೋದಂತೆ ಅಲ್ಲ. ಹಾರ್ವಿ ಮೇಸನ್ ಎಂಬ ಒಬ್ಬ ಡ್ರಮ್ಮರ್‌ನನ್ನು ಹಿಂಬಾಲಿಸಿದರೆ ಸಾಕು, ಇದು ಗೊತ್ತಾಗುತ್ತದೆ. 1973ರಲ್ಲಿ ಹರ್ಬಿ ಹ್ಯಾನ್‌ಕಾಕ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಾಡಿದ ‘ಹೆಡ್ ಹಂಟರ್ಸ್’ ಆಲ್ಬಮ್ಮಿನಲ್ಲಿ ಡ್ರಮ್ಸ್ ಮೇಸನ್ ಅವರದು. 1975ರಲ್ಲಿ ಬಂದ ಗ್ರೋವರ್ ವಾಷಿಂಗ್ಟನ್ ಜೂನಿಯರ್ ಅವರ ‘ಮಿಸ್ಟರ್ ಮ್ಯಾಜಿಕ್’ನಲ್ಲೂ ಅವರೇ. ಮರುವರ್ಷ ಜಾರ್ಜ್ ಬೆನ್ಸನ್ ಅವರ ‘ಬ್ರೀಝಿನ್’ನಲ್ಲೂ ಅವರೇ. ಮೊದಲನೆಯದು ಪಕ್ಕಾ ಫಂಕ್. ಉಳಿದೆರಡನ್ನೂ ಸ್ಮೂತ್ ಜಾಝ್‌ನವರು ತಮ್ಮ ಹಿರಿಯರ ಸಾಲಿನಲ್ಲಿ ಇಡುತ್ತಾರೆ. ಮೂರನ್ನೂ ಒಂದೇ ಸಂಜೆ ಸಾಲಾಗಿ ಕೇಳಿ. ಮೇಲಿನ ರಾಗ ಮೆತ್ತಗಾಗುತ್ತಾ ಹೋಗುತ್ತದೆ, ಕೆಳಗಿನ ನಡೆ ಮಾತ್ರ ಅಲುಗುವುದಿಲ್ಲ. ಆಮೇಲೆ ಬಂದ ನಾವು ಆ ಮೇಲಿನ ಮೆತ್ತನೆಯನ್ನು ಇಟ್ಟುಕೊಂಡೆವು, ಕೆಳಗಿನದನ್ನು ಯಂತ್ರಕ್ಕೆ ವಹಿಸಿದೆವು. ರಿಚರ್ಡ್ ಎಲಿಯಟ್, ಯೂಜ್ ಗ್ರೂವ್ ಇಬ್ಬರೂ ಸ್ಮೂತ್ ಜಾಝ್‌ನ ದೊಡ್ಡ ಹೆಸರುಗಳು. ಇಬ್ಬರೂ ಓಕ್‌ಲ್ಯಾಂಡಿನ ‘ಟವರ್ ಆಫ್ ಪವರ್’ ಎಂಬ ಫಂಕ್ ಬ್ಯಾಂಡಿನ ಹಾರ್ನ್ ಸೆಕ್ಷನ್ನಿನಲ್ಲಿ ಊದಿ ಬಂದವರು. ಈ ದಾರಿಯಲ್ಲಿ ಎರಡೂ ಕಡೆಯಿಂದ ಓಡಾಟ ಇದ್ದೇ ಇದೆ.

ನಾನು ಮೊದಲು ಹುಡುಕಿದ್ದು ಡ್ರಮ್ಮರ್‌ನನ್ನು. ಫಂಕ್ ಬ್ಯಾಂಡು ಕಟ್ಟುವವರಿಗೆಲ್ಲ ನಾನು ಹೇಳುವುದು ಇದೊಂದೇ: ಡ್ರಮ್ಸ್ ಮತ್ತು ಬೇಸ್ ಸರಿಯಾಗಿ ಕೂಡುವವರೆಗೆ ಹಾರ್ನ್‌ನವರನ್ನು ಕರೆಯಬೇಡಿ. ಓಕ್‌ಲ್ಯಾಂಡಿನಲ್ಲಿ ಚರ್ಚ್‌ಗಳಲ್ಲಿ ನುಡಿಸಿ ಬೆಳೆದ ಡ್ರಮ್ಮರುಗಳಿದ್ದಾರೆ. ಅಂಥ ಒಬ್ಬರು ಸಿಕ್ಕಿದರು, ಅವರ ಮೂಲಕ ಬೇಸ್‌ನವನು ಸಿಕ್ಕಿದ, ಆಮೇಲೆ ಟ್ರಂಪೆಟ್, ಟ್ರಾಂಬೋನ್. ಕೊನೆಗೆ ಬ್ಯಾರಿಟೋನ್ ಸ್ಯಾಕ್ಸ್ ಊದುವ ಹಿರಿಯರೊಬ್ಬರು, ಎಪ್ಪತ್ತು ದಾಟಿದ ಹೆಂಗಸು, ಬಂದು ಸೇರಿಕೊಂಡರು.

ಮೊದಲ ತಾಲೀಮಿನಲ್ಲಿ ನಾವು ಹಿಡಿದದ್ದು ಎರಡೇ ಕಾರ್ಡಿನ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಒಂದು ರಿಫ್, ಅಂದರೆ ಮತ್ತೆ ಮತ್ತೆ ಮರಳುವ ಸಣ್ಣ ಸ್ವರಸಾಲು. ನಾನು ನನ್ನ ಪಾಲನ್ನು ನುಡಿಸಿದೆ. ಶ್ರುತಿ ಸರಿ, ಸ್ವರ ಸರಿ, ಶುರುವೂ ಸರಿ. ಆ ಹಿರಿಯರು ವಾದ್ಯ ಕೆಳಗಿಟ್ಟು ಕೇಳಿದರು: “ನಿನ್ನ ಸ್ವರ ಎಲ್ಲಿ ಹುಟ್ಟುತ್ತದೆ ಅಂತ ಕೇಳಿಸ್ತು ಮಗಾ. ಅದು ಎಲ್ಲಿ ಮುಗಿಯುತ್ತದೆ?”

ಅಲ್ಲಿಂದ ಮುಂದೆ ನಾನು ಮಾಡಿದ ಅಭ್ಯಾಸವೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ.

ಸ್ಮೂತ್ ಜಾಝ್‌ನಲ್ಲಿ ಸ್ವರ ಮುಗಿಯುವುದೇ ಇಲ್ಲ, ರಿವರ್ಬ್‌ನಲ್ಲಿ, ಅಂದರೆ ಯಂತ್ರ ಸೇರಿಸುವ ಮಾರ್ದನಿಯಲ್ಲಿ, ಕರಗುತ್ತದೆ. ಕೆಳಗಿನಿಂದ ಜಾರಿ ಹಿಡಿಯುತ್ತೇವೆ, ಎಳೆಯುತ್ತೇವೆ, ಕೊನೆಯಲ್ಲಿ ಸ್ವಲ್ಪ ಅಲುಗಿಸಿ ಬಿಡುತ್ತೇವೆ. ನನಗಂತೂ ಇದು ಹುಟ್ಟಿನಿಂದ ಬಂದ ಅಭ್ಯಾಸ. ನಾನು ದಕ್ಷಿಣ ಕನ್ನಡದವನು. ನಮ್ಮ ಕಡೆ ಮದುವೆ, ದೇವಸ್ಥಾನಗಳಲ್ಲಿ ನಾಗಸ್ವರದ ಜಾಗದಲ್ಲಿ ಸ್ಯಾಕ್ಸೋಫೋನ್ ಕೇಳಿಯೇ ಮಕ್ಕಳು ಬೆಳೆಯುತ್ತಾರೆ. ಕದ್ರಿ ಗೋಪಾಲನಾಥರು ಈ ಲೋಹದ ಕೊಳವೆಯಲ್ಲಿ ಗಮಕ ಹೊರಡಿಸಿ ತೋರಿಸಿದವರು. ಸ್ವರದಿಂದ ಸ್ವರಕ್ಕೆ ಎಳೆ ಕಡಿಯದಂತೆ ಹೋಗುವ ಅವರ ನುಡಿಸಾಣಿಕೆಯೇ ನನ್ನ ಕಿವಿಯಲ್ಲಿ ಕೂತಿದ್ದು. ಅಂಥವನಿಗೆ ಸ್ಮೂತ್ ಜಾಝ್ ಸುಲಭವಾಗಿ ಒಲಿಯಿತು. ಫಂಕ್ ಬೇಡುವುದು ಆ ಮದುವೆಯ ಸ್ಯಾಕ್ಸೋಫೋನಿನ ಪಕ್ಕದಲ್ಲಿ ಕೂತ ಡೋಲಿನವನ ಕೆಲಸವನ್ನು. ತನ್ನ ಕಿವಿಗೆ ಗಿಟಾರ್ ಸೇರಿ ಎಲ್ಲ ವಾದ್ಯಗಳೂ ಡ್ರಮ್ಮಿನಂತೆಯೇ ಕೇಳಿಸತೊಡಗಿದ್ದವು ಎಂದು ಫಂಕ್‌ನ ಹಾಡುಗಾರ ಜೇಮ್ಸ್ ಬ್ರೌನ್ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅವರ ಬ್ಯಾಂಡಿನಲ್ಲಿ ಮೇಸಿಯೊ ಪಾರ್ಕರ್ ಊದಿದ್ದನ್ನು ಕೇಳಿದರೆ ಸ್ಯಾಕ್ಸ್ ಹೇಗೆ ಡೋಲಾಗುತ್ತದೆ ಎಂಬುದು ತಿಳಿಯುತ್ತದೆ.

ಹಾಗಾಗಿ ನಾನು ಕೂತು ಮಾಡಿದ್ದು ಡೋಲಿನವರ ಸಾಧನೆಯನ್ನೇ. ವಾದ್ಯ ಮುಟ್ಟದೆ, ಬಾಯಲ್ಲಿ. ಫಂಕ್‌ನ ಪ್ರತಿ ಬೀಟಿನೊಳಗೆ ನಾಲ್ಕು ಭಾಗ ಓಡುತ್ತಿರುತ್ತದೆ, ನಮ್ಮ ಚತುರಶ್ರ ನಡೆಯೇ ಸರಿ. ತಕದಿಮಿ ತಕದಿಮಿ ಎನ್ನುತ್ತಾ ಕಾಲಲ್ಲಿ ಬೀಟು ಹಾಕುತ್ತೇನೆ. ಆಮೇಲೆ ‘ತ’ದ ಮೇಲೆ ಸ್ವರ ಶುರು, ‘ದಿ’ಯ ಮೇಲೆ ನಿಲ್ಲಬೇಕು. ಮುಂದಿನ ಸುತ್ತಿನಲ್ಲಿ ‘ಕ’ದ ಮೇಲೆ ಶುರು, ‘ಮಿ’ಯ ಮೇಲೆ ನಿಲುಗಡೆ. ಶುರು ಮಾಡುವುದಕ್ಕೆ ಎಷ್ಟು ಲಕ್ಷ್ಯ ಬೇಕೋ ನಿಲ್ಲಿಸುವುದಕ್ಕೂ ಅಷ್ಟೇ. ಬೀಟಿನ ಸದ್ದು ಕೊಡುವ ಮೆಟ್ರೊನೋಮನ್ನು ಮೊದಲು ಎಲ್ಲ ಬೀಟಿಗೂ ಇಟ್ಟೆ, ಆಮೇಲೆ ಎರಡು ಮತ್ತು ನಾಲ್ಕಕ್ಕೆ ಮಾತ್ರ, ಆಮೇಲೆ ಇಡೀ ಬಾರ್‌ಗೆ, ಅಂದರೆ ನಾಲ್ಕು ಬೀಟಿನ ಒಂದು ಸುತ್ತಿಗೆ, ಒಂದೇ ಸಲ. ಆ ಒಂದು ಸದ್ದು ಬೀಳುವ ಜಾಗ ಬಾರ್‌ನ ಮೊದಲ ಬೀಟು; ಬ್ರೌನ್ ಬ್ಯಾಂಡಿನವರು ‘ದಿ ಒನ್’ ಎನ್ನುತ್ತಿದ್ದದ್ದು ಅದಕ್ಕೇ. ತಾಳ ಗೊತ್ತಿದ್ದವರಿಗೆ ಸಮಕ್ಕೆ ಬಂದು ಸೇರುವ ಸುಖ ಹೊಸದಲ್ಲ. ಫಂಕ್‌ನಲ್ಲಿ ಆ ಸುಖ ಪ್ರತಿ ಬಾರ್‌ಗೂ ಬರುತ್ತದೆ, ಇಡೀ ಬ್ಯಾಂಡು ಕೂಡಿ ಬರುತ್ತದೆ.

ಇನ್ನು ಬಾಯೊಳಗಿನ ವಿಷಯ. ಸ್ವರ ನಿಲ್ಲಿಸಲು ಉಸಿರು ನಿಲ್ಲಿಸಿದರೆ ಅದರ ಬಾಲ ಜೋತುಬೀಳುತ್ತದೆ. ನಿಲ್ಲಿಸಬೇಕಾದ್ದು ನಾಲಿಗೆಯಿಂದ. ‘ದಾತ್’ ಎಂದು ಹೇಳಿ ನೋಡಿ: ಕೊನೆಯ ‘ತ್’ನಲ್ಲಿ ನಾಲಿಗೆಯ ತುದಿ ಹಲ್ಲಿನ ಹಿಂದೆ ಹೋಗಿ ಅಂಟುತ್ತದೆ, ಗಾಳಿ ಹಾಗೇ ಒತ್ತಿಕೊಂಡು ನಿಂತಿರುತ್ತದೆ. ಸ್ಯಾಕ್ಸಿನಲ್ಲಿ ಅದೇ ನಾಲಿಗೆ ರೀಡಿನ (ಗಾಳಿಗೆ ಕಂಪಿಸಿ ಸದ್ದು ಹುಟ್ಟಿಸುವ ತೆಳು ಪಟ್ಟಿ) ತುದಿಯನ್ನು ಮುಟ್ಟುತ್ತದೆ, ರೀಡು ತಟ್ಟನೆ ಸುಮ್ಮನಾಗುತ್ತದೆ. ಹೊಟ್ಟೆಯ ಒತ್ತಡ ಸಡಿಲವಾಗಬಾರದು; ಮುಂದಿನ ಸ್ವರಕ್ಕೆ ಬೇಕಾದ ಗಾಳಿ ಅಲ್ಲೇ ಕಾದಿರಬೇಕು. ಕೇಳುವವರಿಗೆ ಪುಟ್ಟ ಮೌನ, ಊದುವವನ ಮೈಯಲ್ಲಿ ಪೂರ್ತಿ ಬಿಗಿ. ಮೊದಮೊದಲು ಹೊಟ್ಟೆಯ ಸ್ನಾಯು ನೋಯುತ್ತದೆ. ನೋಯಲಿ, ಅದು ಸರಿಯಾದ ಜಾಗದಲ್ಲೇ ನೋಯುತ್ತಿದೆ. ಈ ಅಭ್ಯಾಸ ಮಾಡುವಾಗ ರಿವರ್ಬ್ ಪೆಡಲ್ ಬೇಡವೇ ಬೇಡ, ಸದ್ದು ಮಾರ್ದನಿಸದ ಒಣ ಕೋಣೆಯೇ ಬೇಕು. ಬಟ್ಟೆ ತುಂಬಿದ ಕ್ಲೋಸೆಟ್ಟಿನ ಮುಂದೆ ನಿಂತು ಊದಿ, ಸ್ವರದ ತುದಿ ಸ್ಪಷ್ಟವಾಗಿ ಕೇಳುತ್ತದೆ.

ಮೌತ್‌ಪೀಸ್ ಬದಲಿಸಬೇಕಾ ಅಂತ ಸುಮಾರು ಜನ ಕೇಳುತ್ತಾರೆ. ನಾನು ಬದಲಿಸಲಿಲ್ಲ. ಎತ್ತರದ ಸ್ವರದ ಸೊಪ್ರಾನೊ ಸ್ಯಾಕ್ಸ್ ಮಾತ್ರ ಪೆಟ್ಟಿಗೆ ಸೇರಿತು.

ಸೆಕ್ಷನ್ನಿನಲ್ಲಿ ಊದುವುದು ಇದಕ್ಕಿಂತ ದೊಡ್ಡ ಪಾಠ. ಟವರ್ ಆಫ್ ಪವರ್ 1968ರಲ್ಲಿ ಓಕ್‌ಲ್ಯಾಂಡಿನಲ್ಲಿ ಶುರುವಾದ ಬ್ಯಾಂಡು. ಅವರ ಐದು ಹಾರ್ನುಗಳು ಒಂದೇ ಬಾಯಿಂದ ಹೊರಟಂತೆ ಕೇಳುವುದಕ್ಕೆ ಕಾರಣ ಎಲ್ಲರೂ ಒಟ್ಟಿಗೆ ಶುರು ಮಾಡುವುದಷ್ಟೇ ಅಲ್ಲ, ಒಟ್ಟಿಗೆ ನಿಲ್ಲಿಸುವುದು. 1973ರ ‘ವಾಟ್ ಈಸ್ ಹಿಪ್?’ನಲ್ಲಿ ಇದು ತುಂಬ ಚೆನ್ನಾಗಿ ಕೇಳುತ್ತದೆ. ಕೆಳಗೆ ರಾಕ್ಕೊ ಪ್ರೆಸ್ಟಿಯಾ ಬೇಸಿನ ತಂತಿಯನ್ನು ಎಡಗೈಯಲ್ಲಿ ಅದುಮಿ ಹಿಡಿದು, ಬೀಟಿಗೆ ನಾಲ್ಕರಂತೆ ಮೊಟಕು ಸ್ವರ ಸುರಿಸುತ್ತಿರುತ್ತಾರೆ. ಡೇವಿಡ್ ಗ್ಯಾರಿಬಾಲ್ಡಿಯ ಡ್ರಮ್ಸ್ ಅದರ ಸಂದಿಯಲ್ಲಿ ಹೊಕ್ಕು ಬರುತ್ತದೆ. ಇಷ್ಟು ದಟ್ಟವಾದ ಕಡೆ ಹಾರ್ನು ಒಂದು ಕೂದಲೆಳೆ ಉದ್ದವಾದರೂ ಬೇಸಿನ ಮೇಲೆ ಕೂತುಬಿಡುತ್ತದೆ. ನಮ್ಮ ತಾಲೀಮಿನಲ್ಲಿ ಹಾರ್ನ್‌ನವರು ಮಾತ್ರ ಪಕ್ಕದ ಕೋಣೆಗೆ ಹೋಗಿ, ಮೊದಲು ಎಲ್ಲರೂ ಬಾಯಲ್ಲಿ ಹೇಳಿ, ಆಮೇಲೆ ತೀರಾ ಮೆತ್ತಗೆ ಊದುತ್ತೇವೆ. ಜೋರಾಗಿ ಊದಿದರೆ ತಪ್ಪು ಅಡಗುತ್ತದೆ. ಸ್ವರದ ಉದ್ದ ಎಷ್ಟು ಎಂದು ತೀರ್ಮಾನಿಸುವವರು ಒಬ್ಬರೇ, ನಮ್ಮಲ್ಲಿ ಟ್ರಂಪೆಟ್ಟಿನವನು. ಅವನ ಹೆಗಲು ನೋಡಿಕೊಂಡು ನಿಲ್ಲಿಸುತ್ತೇನೆ.

ಹಳೆಯ ನನ್ನ ಹಾಡುಗಳನ್ನು ಬಿಸಾಡಲಿಲ್ಲ. ನಾನೇ ಬರೆದ ಒಂದು ನಿಧಾನದ ಹಾಡಿತ್ತು, ಅರ್ಧ ಬಾರ್‌ಗೊಮ್ಮೆ ಕಾರ್ಡು ಬದಲಾಗುವಂಥದ್ದು. ಅದರ ಕಾರ್ಡುಗಳನ್ನೆಲ್ಲ ಕಿತ್ತು ಒಂದೇ ನೈನ್ತ್ ಕಾರ್ಡಿನ ಮೇಲೆ ನಿಲ್ಲಿಸಿದೆ. ಗಿಟಾರಿನವನಿಗೆ ಆ ಕಾರ್ಡನ್ನು ಬ್ರೌನ್ ಬ್ಯಾಂಡಿನ ಗಿಟಾರಿಸ್ಟ್ ಜಿಮ್ಮಿ ನೋಲನ್ ಧಾಟಿಯಲ್ಲಿ ಕೆರೆಯಲು ಬಿಟ್ಟೆ. ವೇಗ ಸ್ವಲ್ಪ ಏರಿಸಿದೆ. ರಾಗದ ಉದ್ದ ಸಾಲುಗಳನ್ನು ಕತ್ತರಿಸಿ, ಅರ್ಧವನ್ನು ನಾನಿಟ್ಟುಕೊಂಡು ಉಳಿದರ್ಧವನ್ನು ಟ್ರಂಪೆಟ್ ಮತ್ತು ಬ್ಯಾರಿಟೋನ್‌ಗೆ ಉತ್ತರವಾಗಿ ಕೊಟ್ಟೆ. ಹಾಡಿನ ನಡುವೆ ಬರುವ ‘ಬ್ರಿಜ್’ ಭಾಗದಲ್ಲಿ ಮಾತ್ರ ಹಳೆಯ ಮೆತ್ತನೆಯ ರಾಗ ಎರಡು ಸಾಲು ಪೂರ್ತಿ ಬರುತ್ತದೆ. ಕುಣಿಯುತ್ತಿರುವವರು ಆಗ ಉಸಿರು ತೆಗೆದುಕೊಳ್ಳುತ್ತಾರೆ. ವೈನರಿಯಲ್ಲಿ ಆ ಹಾಡು ನುಡಿಸುತ್ತಿದ್ದಾಗ ಒಬ್ಬರೂ ಕುರ್ಚಿ ಬಿಟ್ಟು ಎದ್ದಿರಲಿಲ್ಲ.

ದುಡ್ಡಿನ ಮಾತನ್ನೂ ಹೇಳಿಬಿಡುತ್ತೇನೆ, ಯಾರಾದರೂ ಈ ಕಡೆ ಬರುವ ಯೋಚನೆಯಲ್ಲಿದ್ದರೆ ಗೊತ್ತಿರಲಿ. ಒಬ್ಬನೇ ಲ್ಯಾಪ್‌ಟಾಪ್ ಹಿಡಿದು ಹೋಗಿ ಗಳಿಸುತ್ತಿದ್ದದ್ದನ್ನು ಈಗ ಒಂಬತ್ತು ಜನ ಹಂಚಿಕೊಳ್ಳುತ್ತೇವೆ. ನನಗೆ ವಾರದ ದಿನಗಳಲ್ಲಿ ಬೇರೆ ಕೆಲಸವಿದೆ, ಮಕ್ಕಳಿಗೆ ಪಾಠ ಹೇಳುತ್ತೇನೆ, ಹಾಗಾಗಿ ನಡೆಯುತ್ತದೆ. ಕೆಲವು ವೈನರಿಗಳಿಗೆ ಈಗಲೂ ಹೋಗುತ್ತೇನೆ, ಆದರೆ ಟ್ರ್ಯಾಕ್ ಜೊತೆಗಲ್ಲ; ಬೇಸ್ ಮತ್ತು ಡ್ರಮ್ಸ್ ಇಬ್ಬರನ್ನೂ ಕರೆದುಕೊಂಡು, ಮೂವರಾಗಿ. ‘ಮಿಸ್ಟರ್ ಮ್ಯಾಜಿಕ್’ ಆ ಮೂವರಲ್ಲೂ ಚೆನ್ನಾಗಿ ನಿಲ್ಲುತ್ತದೆ.

ಈಗ ಬ್ಯಾರಿಟೋನ್ ಹಿಡಿದಿದ್ದೇನೆ. ಆಲ್ಟೊ ಸ್ಯಾಕ್ಸಿನ ಹಾಗೆ ಅದೂ ಇ-ಫ್ಲ್ಯಾಟ್ ಶ್ರುತಿಯ ವಾದ್ಯ, ಬೆರಳು ಹೊಸದಾಗಿ ಕಲಿಯಬೇಕಿಲ್ಲ, ಒಂದು ಸ್ಥಾಯಿ ಕೆಳಗೆ ಅಷ್ಟೇ. ಗಾಳಿ ಮಾತ್ರ ವಿಪರೀತ ಕುಡಿಯುತ್ತದೆ, ಕೆಳಗಿನ ಸ್ವರಗಳನ್ನು ನಾಲಿಗೆಯಿಂದ ತಡೆಯುವುದು ಆಲ್ಟೊದಷ್ಟು ಸಲೀಸಲ್ಲ. ದೊಡ್ಡ ರೀಡು ತಡವಾಗಿ ಸುಮ್ಮನಾಗುತ್ತದೆ. ನಮ್ಮ ಹಿರಿಯರು ಬೆನ್ನುನೋವಿನಿಂದ ಕೆಲವು ಕಾರ್ಯಕ್ರಮಗಳಿಗೆ ಬರಲಾಗುವುದಿಲ್ಲ ಎಂದಿದ್ದಾರೆ, ಆ ದಿನಗಳಿಗೆ ನಾನೇ ತಯಾರಾಗಬೇಕು. ಬ್ಯಾರಿಟೋನ್ ಊದುವ ಡಾಕ್ ಕುಪ್ಕಾ ಟವರ್ ಆಫ್ ಪವರ್‌ನಲ್ಲಿ ಬೀಟು ತಪ್ಪಿಸಿ ಸಂದಿಯಲ್ಲಿ ಹಾಕುವ ಒಂಟಿ ಸ್ವರಗಳನ್ನು ಆ ಹಿರಿಯರ ಮುಂದೆಯೇ ಕೂತು ಕಲಿಯುತ್ತಿದ್ದೇನೆ. ಅವರು ಕೈಯಲ್ಲಿ ತಾಳ ಹಾಕುತ್ತಾರೆ, ನಾನು ಸಂದಿಗೆ ಕಾಯುತ್ತೇನೆ.